ಹಿಂದಿನ ಸೀಟಿನಲ್ಲಿ ಮಕ್ಕಳು, ಮುಂದೆ ಎಂಟು ತಾಸಿನ ದಾರಿ: ಹೊರಡುವ ಹಿಂದಿನ ದಿನದಿಂದ ಮನೆಗೆ ಮರಳುವವರೆಗೆ ಹಂತ ಹಂತವಾಗಿ

ಮಕ್ಕಳನ್ನು ಕರೆದುಕೊಂಡು ಕಾರಿನಲ್ಲಿ ದೂರದ ಊರಿಗೆ ಹೋಗಿ ಬಂದವರನ್ನು ಕೇಳಿ ನೋಡಿ. ಎಲ್ಲರ ಕತೆ ಹೆಚ್ಚು ಕಡಿಮೆ ಒಂದೇ. ಚೀಲದ ತುಂಬ ಆಟಿಕೆ ಇತ್ತು, ಮೊಬೈಲಿನಲ್ಲಿ ಕಾರ್ಟೂನ್ ಇತ್ತು, ತಿನ್ನಲು ಡಬ್ಬಿಗಟ್ಟಲೆ ಇತ್ತು. ಆದರೂ ನರಗುಂದ ಬರುವಷ್ಟರಲ್ಲಿ ಒಬ್ಬ ಅಳುತ್ತಿದ್ದ, ಒಬ್ಬಳು ವಾಂತಿ ಮಾಡಿಕೊಂಡಿದ್ದಳು. ಅಪ್ಪ ಸ್ಟೇರಿಂಗ್ ಹಿಡಿದುಕೊಂಡೇ ಹಿಂದೆ ತಿರುಗಿ ಬೈಯುತ್ತಿದ್ದರು.

ನಾವು ವಿಜಯಪುರದವರು. ದಸರಾ ರಜೆಗೊಮ್ಮೆ, ಬೇಸಿಗೆ ರಜೆಗೊಮ್ಮೆ ಅಂಕೋಲಾಕ್ಕೆ ಹೋಗುತ್ತೇವೆ. ಮಗಳಿಗೆ ಹತ್ತು ವರ್ಷ, ಮಗನಿಗೆ ಐದು. ಮೊದಲ ಮೂರು ಸಲ ನಮಗೂ ಹೀಗೇ ಆಯಿತು. ಸಾಮಾನು ಕಡಿಮೆ ಬಿದ್ದಿರಲಿಲ್ಲ, ಕೊಡುವ ಕ್ರಮ ತಪ್ಪಿತ್ತು. ಮೊದಲ ಅರ್ಧ ತಾಸಿನಲ್ಲೇ ಮೊಬೈಲ್ ಕೈಗೆ ಕೊಟ್ಟರೆ ಆಮೇಲೆ ಕಿಟಕಿಯಾಚೆ ಏನು ಕಂಡರೂ ಮಗುವಿಗೆ ರುಚಿಸುವುದಿಲ್ಲ. ಹೊಟ್ಟೆ ಸರಿ ಇಲ್ಲದಿದ್ದರೆ ಯಾವ ಆಟವೂ ನಡೆಯುವುದಿಲ್ಲ. ಹಾಗಾಗಿ ಕ್ರಮ ಹೀಗಿರಲಿ: ಮೊದಲು ನಿದ್ದೆ ಮತ್ತು ಹೊಟ್ಟೆ, ಆಮೇಲೆ ಕಿಟಕಿ, ಆಮೇಲೆ ಮಾತು, ಆಮೇಲೆ ಕೈಗೆ ಕೆಲಸ, ಆಮೇಲೆ ಸ್ವಲ್ಪ ಹೊತ್ತು ಮೊಬೈಲ್, ಘಟ್ಟದಲ್ಲಿ ಬರೀ ಕಿವಿಗೆ ಕತೆ.

ಉದಾಹರಣೆಗೆ ನಾವು ಹೋಗುವ ದಾರಿಯನ್ನೇ ಇಟ್ಟುಕೊಂಡಿದ್ದೇನೆ. ರಾಷ್ಟ್ರೀಯ ಹೆದ್ದಾರಿ 52 ವಿಜಯಪುರದಿಂದ ಹುಬ್ಬಳ್ಳಿ ಮೇಲೆ ಹಾದು ಅಂಕೋಲಾ ಮುಟ್ಟುತ್ತದೆ. ನೀವು ಬೆಳಗಾವಿಯಿಂದ ಬೆಂಗಳೂರಿಗೆ ಹೊರಟಿರಲಿ, ಬಾಗಲಕೋಟೆಯಿಂದ ಗೋವಾಕ್ಕೆ ಹೊರಟಿರಲಿ, ಊರಿನ ಹೆಸರು ಬದಲಿಸಿಕೊಂಡರೆ ಸಾಕು.

ಹಂತ 1: ಹಿಂದಿನ ದಿನವೇ ದಾರಿಯನ್ನು ತುಂಡು ಮಾಡಿ

"ಅವ್ವಾ, ಇನ್ನಾ ಎಷ್ಟ ದೂರ ಐತಿ?" ಈ ಪ್ರಶ್ನೆಗೆ ಕಿಲೋಮೀಟರಿನಲ್ಲಿ ಉತ್ತರ ಕೊಟ್ಟರೆ ಐದು ನಿಮಿಷದಲ್ಲಿ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಐದು ವರ್ಷದ ಮಗುವಿಗೆ ಇನ್ನೂರು ಕಿಲೋಮೀಟರ್ ಅಂದರೆ ಏನು ಗೊತ್ತಾಗಬೇಕು? ದೂರವನ್ನು ಕಣ್ಣಿಗೆ ಕಾಣಿಸಬೇಕು, ಕೈಗೆ ಸಿಗುವಂತೆ ಮಾಡಬೇಕು.

ಬೇಕಾಗುವುದು ಒಂದು ಗಟ್ಟಿ ದಾರ, ಬಟ್ಟೆಗೆ ಹಾಕುವ ಹನ್ನೆರಡು ಕ್ಲಿಪ್ಪು, ಒಂದು ಸ್ಕೆಚ್ ಪೆನ್. ಒಂದೊಂದು ಕ್ಲಿಪ್ಪಿನ ಮೇಲೆ ಒಂದೊಂದು ಊರಿನ ಹೆಸರು ಬರೆಯಿರಿ. ನಮ್ಮವು ಹೀಗಿವೆ: ಕೊಲ್ಹಾರ, ಅನಗವಾಡಿ, ಗದ್ದನಕೇರಿ, ಕೆರೂರ, ಕುಳಗೇರಿ ಕ್ರಾಸ್, ಕೊಣ್ಣೂರ, ನರಗುಂದ, ನವಲಗುಂದ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅಂಕೋಲಾ. ಬರೆಯುವ ಕೆಲಸ ಮಕ್ಕಳದೇ ಆಗಲಿ. ಮಗ ಇನ್ನೂ ಸರಿಯಾಗಿ ಬರೆಯಲಾರ, ಅವನು ನದಿ ಇರುವ ಮೂರು ಊರಿನ ಕ್ಲಿಪ್ಪಿಗೆ ನೀಲಿ ಗೆರೆ ಎಳೆಯುತ್ತಾನೆ. ಕೊಲ್ಹಾರದಲ್ಲಿ ಕೃಷ್ಣಾ, ಅನಗವಾಡಿಯಲ್ಲಿ ಘಟಪ್ರಭಾ, ಕೊಣ್ಣೂರಿನಲ್ಲಿ ಮಲಪ್ರಭಾ.

ದಾರವನ್ನು ಮುಂದಿನ ಎರಡು ಸೀಟಿನ ಹಿಂಬದಿಗೆ, ಮಕ್ಕಳ ಎದೆ ಎತ್ತರದಲ್ಲಿ ಕಟ್ಟಿ. ಎಲ್ಲ ಕ್ಲಿಪ್ಪೂ ಎಡಗಡೆ ಇರಲಿ. ಊರು ದಾಟಿದ ಹಾಗೆ ಆ ಕ್ಲಿಪ್ಪನ್ನು ಬಲಗಡೆಗೆ ಸರಿಸುವುದು, ಅಷ್ಟೇ ಆಟ. ಎಷ್ಟು ದೂರ ಅಂತ ಕೇಳಿದರೆ "ದಾರ ನೋಡು" ಅನ್ನಿ. ಎರಡನೇ ಸಲದಿಂದ ಅವರು ಕೇಳುವುದನ್ನೇ ಬಿಡುತ್ತಾರೆ.

ಇಲ್ಲಿ ಆಗುವ ತಪ್ಪು ಒಂದೇ. ದಾರವನ್ನು ಕುತ್ತಿಗೆ ಎತ್ತರಕ್ಕೆ ಅಥವಾ ಸಡಿಲವಾಗಿ ಕಟ್ಟುವುದು. ಗಾಡಿ ಬ್ರೇಕ್ ಹಾಕಿದಾಗ ಅದು ಮಗುವಿನ ಕುತ್ತಿಗೆಗೆ ತಾಗಬಾರದು. ಬಿಗಿಯಾಗಿ, ಸೀಟಿಗೆ ಒತ್ತಿಕೊಂಡೇ ಇರಲಿ. ಮೂರು ವರ್ಷದೊಳಗಿನ ಮಗು ಇದ್ದರೆ ದಾರ ಬೇಡವೇ ಬೇಡ, ಒಂದು ರಟ್ಟಿನ ಅಂಚಿಗೆ ಕ್ಲಿಪ್ಪು ಸಿಕ್ಕಿಸಿ ನೀವೇ ಹಿಡಿದುಕೊಳ್ಳಿ.

ಹಂತ 2: ಚೀಲ ತುಂಬುವುದು

ಒಂದೇ ದೊಡ್ಡ ಚೀಲ ಮಾಡಿ ಡಿಕ್ಕಿಯಲ್ಲಿ ಹಾಕಿದರೆ ದಾರಿಯಲ್ಲಿ ಏನೂ ಕೈಗೆ ಸಿಗುವುದಿಲ್ಲ. ಮೂರು ಚಿಕ್ಕ ಚೀಲ ಮಾಡಿ. ಆಟದ್ದು, ತಿನ್ನುವುದು, ಅವಘಡಕ್ಕೆ. ಮೂರೂ ದೊಡ್ಡವರ ಕಾಲ ಬಳಿ ಇರಲಿ, ಮಕ್ಕಳ ಕೈಗೆ ಎಟುಕದಂತೆ.

ಅವಘಡದ ಚೀಲವನ್ನು ಎಲ್ಲಕ್ಕಿಂತ ಮೊದಲು ತುಂಬಿ. ತೂತಿಲ್ಲದ ಕವರ್ ಹತ್ತು (ಮನೆಯಲ್ಲೇ ಒಂದೊಂದಕ್ಕೂ ನೀರು ತುಂಬಿ ಸೋರುತ್ತದೆಯೇ ನೋಡಿ), ಎರಡು ಹಳೆ ಟವೆಲ್, ಮಗುವಿಗೆ ಒಂದೊಂದು ಜೊತೆ ಬಟ್ಟೆ, ತಾಯಿಗೂ ಒಂದು ಜೊತೆ, ಕೈ ತೊಳೆಯಲು ಎರಡು ಲೀಟರ್ ನೀರು, ಓಆರ್‌ಎಸ್ ಪೊಟ್ಟಣ. ತಾಯಿಯ ಬಟ್ಟೆ ಮರೆಯುವವರೇ ಜಾಸ್ತಿ. ಮಗು ವಾಂತಿ ಮಾಡಿಕೊಳ್ಳುವುದು ಯಾರ ಮಡಿಲಲ್ಲಿ, ಹೇಳಿ?

ಆಟದ ಚೀಲದಲ್ಲಿ ಅಂಚು ಇರುವ ಸ್ಟೀಲ್ ತಾಟು ಒಂದಿರಲಿ. ಅದರ ಮೇಲೆ ಫ್ರಿಜ್ಜಿಗೆ ಅಂಟಿಸುವ ಅಕ್ಷರ, ಪ್ರಾಣಿಗಳ ಮ್ಯಾಗ್ನೆಟ್ ಇಟ್ಟರೆ ಗಾಡಿ ಎಷ್ಟು ಕುಲುಕಿದರೂ ಕೆಳಗೆ ಬೀಳುವುದಿಲ್ಲ. ಎಲ್ಲ ಸ್ಟೀಲಿಗೂ ಮ್ಯಾಗ್ನೆಟ್ ಹಿಡಿಯುವುದಿಲ್ಲ, ಮನೆಯಲ್ಲೇ ಅಂಟಿಸಿ ನೋಡಿ ಆರಿಸಿಕೊಳ್ಳಿ. ಬರೆದು ಅಳಿಸುವ ಮ್ಯಾಜಿಕ್ ಸ್ಲೇಟ್, ಹೆಣೆಯಲು ಮೂರು ಬಣ್ಣದ ದಪ್ಪ ಉಲ್ಲನ್, ಹಳೆ ಮಸಾಲೆ ಡಬ್ಬಿ ಇಷ್ಟು ಸಾಕು. ಮಸಾಲೆ ಡಬ್ಬಿ ಯಾಕೆ ಅಂತ ಆರನೇ ಹಂತದಲ್ಲಿ ಹೇಳುತ್ತೇನೆ.

ಒಯ್ಯಬಾರದ್ದು: ಮೇಣದ ಬಣ್ಣ, ಚೂಪು ಪೆನ್ಸಿಲ್, ಗೋಲಿ, ಮಣಿ, ಸದ್ದು ಮಾಡುವ ಆಟಿಕೆ. ಮೇಣದ ಬಣ್ಣ ಏಪ್ರಿಲ್ ಬಿಸಿಲಿನಲ್ಲಿ ನಿಂತ ಗಾಡಿಯಲ್ಲಿ ಕರಗಿ ಸೀಟಿಗೆ ಮೆತ್ತಿಕೊಳ್ಳುತ್ತದೆ. ಚೂಪು ಪೆನ್ಸಿಲ್ ಹಂಪ್ ಬಂದಾಗ ಕಣ್ಣಿಗೆ ಚುಚ್ಚೀತು. ಗೋಲಿ ಉರುಳಿ ಬ್ರೇಕ್ ಪೆಡಲ್ ಕೆಳಗೆ ಸೇರಿದರೆ ಏನಾದೀತು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ಹಂತ 3: ಯಾರು ಎಲ್ಲಿ ಕೂರಬೇಕು

ಇದನ್ನು ಮನೆಯಲ್ಲೇ ತೀರ್ಮಾನಿಸಿ. ಗಾಡಿಯ ಬಾಗಿಲಲ್ಲಿ ತೀರ್ಮಾನಿಸಲು ಹೋದರೆ ಮೊದಲ ಜಗಳ ಅಲ್ಲೇ.

ಮಕ್ಕಳು ಹಿಂದೆಯೇ ಕೂರಬೇಕು, ಬೆಲ್ಟ್ ಹಾಕಿಕೊಂಡು. ಚಿಕ್ಕವರಿಗೆ ಅವರ ವಯಸ್ಸಿನ ಮಕ್ಕಳ ಸೀಟು. ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವುದು ನಮ್ಮಲ್ಲಿ ಬಹಳ. ದಯವಿಟ್ಟು ಬೇಡ. ಗುದ್ದಿದಾಗ ತೋಳಿನಲ್ಲಿ ಮಗುವನ್ನು ಹಿಡಿದಿಟ್ಟುಕೊಳ್ಳಲು ಯಾರಿಗೂ ಆಗುವುದಿಲ್ಲ, ಮುಂದಿನ ಏರ್‌ಬ್ಯಾಗ್ ಉಬ್ಬುವ ರಭಸಕ್ಕೂ ಮಗು ಉಳಿಯುವುದು ಕಷ್ಟ. 14 ವರ್ಷದೊಳಗಿನವರಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ 1,000 ರೂಪಾಯಿ ದಂಡವೂ ಇದೆ.

ವಾಂತಿ ಆಗುವ ಮಗುವನ್ನು ನಡುವೆ ಕೂರಿಸಿ, ಅಲ್ಲಿಂದ ಮುಂದಿನ ಗಾಜಿನಲ್ಲಿ ದೂರದ ರಸ್ತೆ ಕಾಣುತ್ತದೆ. ಆದರೆ ನಡುವಿನ ಸೀಟಿಗೆ ಸರಿಯಾದ ಬೆಲ್ಟ್ ಇದ್ದರೆ ಮಾತ್ರ.

ಬಿಸಿಲಿನ ಲೆಕ್ಕವನ್ನೂ ಹಾಕಿ. ವಿಜಯಪುರದಿಂದ ಹುಬ್ಬಳ್ಳಿ ಕಡೆ ಹೋಗುವಾಗ ಗಾಡಿಯ ಮುಖ ಹೆಚ್ಚು ಕಡಿಮೆ ದಕ್ಷಿಣಕ್ಕೆ ಇರುತ್ತದೆ. ಬೆಳಗಿನ ಬಿಸಿಲು ಎಡಗಿಟಕಿಗೆ ಹೊಡೆಯುತ್ತದೆ. ಚಿಕ್ಕವರು ಬಲಕ್ಕೆ ಕೂರಲಿ, ಎಡಗಿಟಕಿಗೆ ತೆಳು ಓಢಣಿ ಸಿಕ್ಕಿಸಿ. ಬೆಳಗಾವಿಯಿಂದ ಬಾಗಲಕೋಟೆಗೆ ಬೆಳಿಗ್ಗೆ ಹೊರಟರೆ ಸೂರ್ಯ ಎದುರಿಗೇ ಇರುತ್ತಾನೆ, ಅಲ್ಲಿ ಎಡ ಬಲದ ಲೆಕ್ಕ ಬೇಡ. ಮಗು ಕಾರಣವಿಲ್ಲದೆ ಕಿರಿಕಿರಿ ಮಾಡುತ್ತಿದ್ದರೆ ಮೊದಲು ಅದರ ಕೆನ್ನೆ ಮುಟ್ಟಿ ನೋಡಿ. ಎಷ್ಟೋ ಸಲ ಬಿಸಿಲೇ ಕಾರಣ.

ಇಳಿಯುವುದು ಯಾವಾಗಲೂ ಎಡಬಾಗಿಲಿನಿಂದ. ಬಲಗಡೆ ಗಾಡಿಗಳು ಬರುತ್ತಿರುತ್ತವೆ. ಚೈಲ್ಡ್ ಲಾಕ್ ಎರಡೂ ಕಡೆ ಹಾಕಿರಿ.

ಹಂತ 4: ಹೊರಡುವ ಹೊತ್ತು ಮತ್ತು ಹೊಟ್ಟೆ

ನಸುಕಿನಲ್ಲಿ ಐದು ಗಂಟೆಗೆ ಹೊರಡಿ. ಮಕ್ಕಳನ್ನು ಪೂರ್ತಿ ಎಬ್ಬಿಸಬೇಡಿ. ರಾತ್ರಿಯೇ ಪ್ರಯಾಣದ ಬಟ್ಟೆ ಹಾಕಿ ಮಲಗಿಸಿದರೆ ಎತ್ತಿ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದರಾಯಿತು. ಮೊದಲ ಒಂದೂವರೆ ತಾಸು ನಿದ್ದೆಯಲ್ಲೇ ಕಳೆಯುತ್ತದೆ, ಅದು ನಿಮಗೆ ಪುಕ್ಕಟೆ ಸಿಕ್ಕ ಹೊತ್ತು.

ಅದಕ್ಕಿಂತ ಬೇಗ ಹೊರಡಬೇಡಿ, ಅದರಲ್ಲೂ ಕಬ್ಬಿನ ಹಂಗಾಮಿನಲ್ಲಿ. ನವೆಂಬರಿನಿಂದ ಮಾರ್ಚ್‌ವರೆಗೆ ಬೆಳಗಾವಿ, ಬಾಗಲಕೋಟೆ ಕಡೆಯ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಓಡುತ್ತವೆ. ಎಷ್ಟೋ ಟ್ರೇಲರಿಗೆ ಹಿಂದೆ ದೀಪವೇ ಇರುವುದಿಲ್ಲ.

ಇನ್ನು ಹೊಟ್ಟೆ. ಹೊರಡುವ ಮುಂಚೆ ಪೂರಿ ತಿನ್ನಿಸಿ ಹಾಲು ಕುಡಿಸುವುದು, ಇಲ್ಲವೇ ವಾಂತಿಯ ಭಯಕ್ಕೆ ಬರಿ ಹೊಟ್ಟೆಯಲ್ಲಿ ಕರೆದೊಯ್ಯುವುದು, ಎರಡೂ ತಪ್ಪು. ಎದ್ದ ಮಗುವಿಗೆ ಮೊದಲು ಎರಡು ಗುಟುಕು ನೀರು, ಒಂದು ಬಿಸ್ಕೀಟು. ಏಳು ಗಂಟೆ ಸುಮಾರಿಗೆ ಗದ್ದನಕೇರಿ ಹತ್ತಿರ ನಿಲ್ಲಿಸಿ ಬುತ್ತಿ ಬಿಚ್ಚಿ. ಚಪಾತಿಗೆ ತುಪ್ಪ, ಸಣ್ಣಗೆ ಪುಡಿ ಮಾಡಿದ ಶೇಂಗಾ ಚಟ್ನಿ ಸವರಿ ಸುರುಳಿ ಸುತ್ತಿಕೊಂಡು ಹೋಗಿದ್ದರೆ ಕೈಯೂ ಕೊಳೆಯಾಗುವುದಿಲ್ಲ. ಬಾಳೆಹಣ್ಣು, ಇಡ್ಲಿ ಕೂಡ ಒಳ್ಳೆಯದು.

ಓಡುವ ಗಾಡಿಯಲ್ಲಿ ಐದು ವರ್ಷದೊಳಗಿನವರಿಗೆ ಇಡೀ ಶೇಂಗಾ, ಪುಟಾಣಿ, ಗಟ್ಟಿ ಚಾಕಲೇಟ್, ದ್ರಾಕ್ಷಿ ಕೊಡಬೇಡಿ. ಬ್ರೇಕ್ ಹಾಕಿದಾಗ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಹಿಂದಿನ ಸೀಟಿನಲ್ಲಿ ಕೆಮ್ಮಲೂ ಆಗದೆ ಒದ್ದಾಡುವ ಮಗು ಮುಂದಿದ್ದವರಿಗೆ ಕಾಣುವುದೂ ಇಲ್ಲ. ನಮ್ಮ ಕಡೆ ಪ್ರಯಾಣ ಅಂದರೆ ಶೇಂಗಾ ಇದ್ದೇ ಇರುತ್ತದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಕುಂದಾ, ಕರದಂಟು ಊರು ಮುಟ್ಟಿದ ಮೇಲೆ. ಸಿಹಿ, ಎಣ್ಣೆ, ಬಾಟಲಿಯ ತಂಪು ಪಾನೀಯ ಮೂರೂ ಹೊಟ್ಟೆ ತೊಳಸುತ್ತವೆ.

ಹಂತ 5: ಎಚ್ಚರವಾದ ಮೇಲೆ ಕಿಟಕಿಯ ಆಟ

ತಿಂಡಿ ಆದ ಮೇಲೆ ಒಂದು ತಾಸು ಮಕ್ಕಳ ಕಣ್ಣು ಹೊರಗೇ ಇರಬೇಕು. ತಲೆ ಸುತ್ತುವುದನ್ನು ತಡೆಯುವುದೂ ಇದೇ. ಕಣ್ಣು ಪುಸ್ತಕವನ್ನೋ ಪರದೆಯನ್ನೋ ನೋಡುತ್ತಿದ್ದರೆ "ನಾವು ಕೂತಿದ್ದೇವೆ" ಅನ್ನುತ್ತದೆ. ಕಿವಿಯ ಒಳಗಿನ ಸಮತೋಲದ ಅಂಗ "ಇಲ್ಲ, ಓಡುತ್ತಿದ್ದೇವೆ" ಅನ್ನುತ್ತದೆ. ಎರಡರ ಮಾತು ಹೊಂದದೆ ಹೊಟ್ಟೆ ತೊಳಸುತ್ತದೆ. ಹೊರಗೆ ನೋಡಿದರೆ ಎರಡೂ ಒಂದೇ ಮಾತು ಹೇಳುತ್ತವೆ.

ನಂಬರ್ ಪ್ಲೇಟ್ ಆಟ ದೊಡ್ಡ ಮಕ್ಕಳಿಗೆ ಚೆನ್ನ. ಕೆಎ-22 ಬೆಳಗಾವಿ, 23 ಚಿಕ್ಕೋಡಿ, 24 ಬೈಲಹೊಂಗಲ, 25 ಧಾರವಾಡ, 26 ಗದಗ, 27 ಹಾವೇರಿ, 28 ವಿಜಯಪುರ, 29 ಬಾಗಲಕೋಟೆ, 30 ಕಾರವಾರ, 31 ಶಿರಸಿ, 48 ಜಮಖಂಡಿ, 49 ಗೋಕಾಕ, 63 ಹುಬ್ಬಳ್ಳಿ. ಎಂಎಚ್-13 ಬಂದರೆ ಸೊಲ್ಲಾಪುರ, 09 ಬಂದರೆ ಕೊಲ್ಹಾಪುರ, 10 ಸಾಂಗ್ಲಿ. ಒಂದು ಚೀಟಿಯಲ್ಲಿ ಬರೆದು ಸೀಟಿನ ಹಿಂದೆ ಅಂಟಿಸಿ. ತಮ್ಮ ಊರಿನ ನಂಬರಿಗೆ ಒಂದು ಅಂಕ, ಹೊರಜಿಲ್ಲೆಗೆ ಎರಡು, ಹೊರರಾಜ್ಯಕ್ಕೆ ಐದು. ಹೊರಟಾಗ ಎಲ್ಲ 28 ಇದ್ದದ್ದು ನಿಧಾನಕ್ಕೆ 29, 26, 25 ಆಗುತ್ತಾ ಹೋಗುತ್ತದೆ. ಮಗಳು ಜಿಲ್ಲೆಯ ಗಡಿ ಕಲಿತದ್ದು ಹೀಗೇ.

ಓದಲು ಬಾರದವರಿಗೆ ಮೈಲಿಗಲ್ಲಿನ ಬಣ್ಣ. ರಾಷ್ಟ್ರೀಯ ಹೆದ್ದಾರಿಯ ಕಲ್ಲಿಗೆ ಹಳದಿ ತಲೆ, ರಾಜ್ಯ ಹೆದ್ದಾರಿಗೆ ಹಸಿರು, ಹಳ್ಳಿ ರಸ್ತೆಗೆ ಕಿತ್ತಳೆ. ನಮ್ಮ ದಾರಿಯಲ್ಲಿ ಹಳದಿ ಸಿಕ್ಕೇ ಸಿಗುತ್ತದೆ, ಅಡ್ಡರಸ್ತೆ ಬಂದಾಗ ಹಸಿರು ಯಾರಿಗೆ ಮೊದಲು ಕಾಣುತ್ತದೆ ಅನ್ನುವುದೇ ಪಂದ್ಯ.

ನದಿ ಬಂದಾಗ ಬೇರೆ ಆಟ ನಿಲ್ಲಿಸಿ. ಕೊಲ್ಹಾರದ ಸೇತುವೆ ಬಹಳ ಉದ್ದ, ಕೃಷ್ಣೆಯ ಹಿನ್ನೀರಿನ ಮೇಲೆ ಹೋಗುತ್ತದೆ. ಮಕ್ಕಳು ಮಲಗಿದ್ದರೆ ಅದೊಂದಕ್ಕೆ ಎಬ್ಬಿಸಿದರೂ ತಪ್ಪಿಲ್ಲ. ನೀರು ಎಷ್ಟಿದೆ, ದಸರಾಕ್ಕೆ ಬಂದಾಗ ಎಷ್ಟಿತ್ತು ಅಂತ ಕೇಳಿ. ನಮ್ಮ ಮಗ ಮೇ ತಿಂಗಳಲ್ಲಿ ಮಲಪ್ರಭೆ ನೋಡಿ "ನದಿ ಎಲ್ಲಿ ಹೋತು?" ಅಂದ. ಆ ಒಂದು ಪ್ರಶ್ನೆ ನರಗುಂದದವರೆಗೆ ಮಾತು ನಡೆಸಿತು.

ತಪ್ಪು ಎಲ್ಲಿ ಆಗುತ್ತದೆ? ಗಾಡಿ ಓಡಿಸುವವರನ್ನು ತೀರ್ಪುಗಾರರನ್ನಾಗಿ ಮಾಡುವುದರಲ್ಲಿ. "ಅಪ್ಪಾ, ಯಾರು ಮೊದಲ ನೋಡಿದ್ರು ಹೇಳು" ಅಂದ ಕೂಡಲೇ ಅವರ ಕಣ್ಣು ರಸ್ತೆ ಬಿಡುತ್ತದೆ. ತೀರ್ಪು ಹಿಂದೆ ಕೂತ ದೊಡ್ಡವರದೇ. ಒಂದೇ ಆಟವನ್ನು ಅರ್ಧ ತಾಸಿಗಿಂತ ಹೆಚ್ಚು ಎಳೆಯಲೂ ಬೇಡಿ. ಇನ್ನೂ ಆಡಬೇಕು ಅನ್ನುವಾಗಲೇ ನಿಲ್ಲಿಸಿದರೆ ಮರಳುವಾಗ ಅದೇ ಆಟಕ್ಕೆ ಜೀವ ಇರುತ್ತದೆ.

ಹಂತ 6: ನಿಲ್ಲಿಸುವುದು, ಓಡಾಡಿಸುವುದು

ಮಕ್ಕಳು ಎಚ್ಚರ ಇದ್ದಾಗ ಒಂದೂವರೆ ಎರಡು ತಾಸಿಗೊಮ್ಮೆ ಹದಿನೈದು ನಿಮಿಷ ನಿಲ್ಲಿಸಿ. "ಈಗ ಚೆನ್ನಾಗಿ ಆಡುತ್ತಿದ್ದಾರೆ, ಮುಂದೆ ನಿಲ್ಲಿಸೋಣ" ಅನ್ನುವುದು ಎಲ್ಲರೂ ಮಾಡುವ ತಪ್ಪು. ಅಳಲು ಶುರು ಮಾಡಿದ ಮೇಲೆ ನಿಲ್ಲಿಸಿದರೆ ಅತ್ತರೆ ಗಾಡಿ ನಿಲ್ಲುತ್ತದೆ ಅಂತ ಮಗು ಕಲಿಯುತ್ತದೆ.

ಇಳಿದ ಕೂಡಲೇ ಹೋಟೆಲಿನ ಕುರ್ಚಿಯಲ್ಲಿ ಕೂರಿಸಬೇಡಿ. ಇಷ್ಟು ಹೊತ್ತು ಕೂತೇ ಬಂದಿದ್ದಾರೆ. ಮೊದಲು ಮೂತ್ರ, ಆಮೇಲೆ ಐದು ನಿಮಿಷ ಕುಂಟಬಿಲ್ಲೆ ಅಥವಾ ಓಟ, ಆಮೇಲೆ ನೀರು, ಕೊನೆಗೆ ತಿನ್ನುವುದು. ಜಾಗ ರಸ್ತೆಯಿಂದ ದೂರ ಇರಲಿ. ಹೊಲದ ಬದುವಿಗೆ ಬಿಡುವ ಮೊದಲು ನೀವೇ ಒಂದು ಸುತ್ತು ಹಾಕಿ ಬನ್ನಿ, ಕಟ್ಟೆ ಇಲ್ಲದ ಬಾವಿಗಳು ನಮ್ಮ ಕಡೆ ಇನ್ನೂ ಇವೆ.

ಈಗ ಮಸಾಲೆ ಡಬ್ಬಿಯ ವಿಷಯ. ನಮ್ಮದು ಏಳು ಬಟ್ಟಲಿನ ಹಳೆ ಸ್ಟೀಲ್ ಡಬ್ಬಿ, ಮುಚ್ಚಳ ಸ್ವಲ್ಪ ನೆಗ್ಗಿದೆ, ಎಷ್ಟು ತೊಳೆದರೂ ಒಳಗೆ ಜೀರಿಗೆ ವಾಸನೆ ಹೋಗಿಲ್ಲ. ನಿಲ್ಲಿಸಿದ ಕಡೆಯಲ್ಲೆಲ್ಲ ಮಗಳು ಒಂದು ಚಿಟಿಕೆ ಮಣ್ಣು ತೆಗೆದು ಒಂದೊಂದು ಬಟ್ಟಲಿಗೆ ಹಾಕುತ್ತಾಳೆ. ಮನೆ ಮುಂದಿನದು ಒಂದು, ನವಲಗುಂದದ ಕರಿ ಎರೆ ಒಂದು, ಯಲ್ಲಾಪುರದ ಕೆಂಪು ಒಂದು, ಅಂಕೋಲಾದ ಮರಳು ಒಂದು. ಎರೆಮಣ್ಣಿಗೆ ಎರಡು ಹನಿ ನೀರು ಹಾಕಿದರೆ ಬೆರಳಿಗೆ ಬೆಣ್ಣೆಯ ಹಾಗೆ ಅಂಟುತ್ತದೆ, ಮರಳಿಗೆ ಹಾಕಿದರೆ ನೀರು ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ನಿಂತ ಜಾಗದಲ್ಲೇ ಹಾಕಿ ನೋಡಿ, ಮುಚ್ಚಳ ಹಾಕಿ, ಡಬ್ಬಿ ಡಿಕ್ಕಿಗೆ. ಓಡುವ ಗಾಡಿಯಲ್ಲಿ ತೆರೆಯಲು ಬಿಡಬೇಡಿ.

ಒಂದು ಎಚ್ಚರಿಕೆ. "ಮಲಗಿದ್ದಾನೆ, ಎಬ್ಬಿಸುವುದು ಬೇಡ" ಅಂತ ಮಗುವನ್ನು ಗಾಡಿಯಲ್ಲೇ ಬಿಟ್ಟು ಚಹಾಕ್ಕೆ ಹೋಗಬೇಡಿ. ಬಿಸಿಲಿನಲ್ಲಿ ನಿಂತ ಗಾಡಿಯ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ. ಗಾಜು ಸ್ವಲ್ಪ ಇಳಿಸಿದರೆ ಸಾಲದು. ಒಬ್ಬ ದೊಡ್ಡವರು ಇರಲೇಬೇಕು, ಬಾಗಿಲು ತೆರೆದಿರಲೇಬೇಕು.

ಹಂತ 7: ಮಾತಿನ ಆಟ, ಆಮೇಲೆ ಕೈಗೆ ಕೆಲಸ

ನರಗುಂದ, ನವಲಗುಂದದ ಕಡೆ ರಸ್ತೆ ನೆಟ್ಟಗಿದೆ, ಎರಡೂ ಕಡೆ ಎರೆ ಹೊಲ. ನೋಡಲು ಹೊಸದು ಕಡಿಮೆ. ಮಾತಿನ ಆಟಕ್ಕೆ ಇದೇ ಹೊತ್ತು.

ಊರಿನ ಸರಪಳಿ ಆಡುವವರು ಎರಡು ನಿಮಿಷದಲ್ಲಿ ಬಿಟ್ಟುಬಿಡುತ್ತಾರೆ, ಯಾಕೆಂದರೆ ನಮ್ಮ ಊರುಗಳೆಲ್ಲ ‘ರ’ದಲ್ಲೇ ಮುಗಿಯುತ್ತವೆ. ಮೈಸೂರು, ಬೆಂಗಳೂರು, ಲೋಕಾಪುರ, ಯಲ್ಲಾಪುರ. ಎಷ್ಟು ‘ರ’ ಹುಡುಕುವುದು? ನಿಯಮ ಬದಲಿಸಿ. ಕೊನೆಯಲ್ಲಿ ‘ಊರು’ ಅಥವಾ ‘ಪುರ’ ಬಂದರೆ ಅದನ್ನು ಬಿಟ್ಟು ಅದರ ಹಿಂದಿನ ಅಕ್ಷರ ತೆಗೆದುಕೊಳ್ಳಿ. ಕಾಗುಣಿತ ಲೆಕ್ಕಕ್ಕಿಲ್ಲ, ಮೂಲ ಅಕ್ಷರ ಸಾಕು. ವಿಜಯಪುರಕ್ಕೆ ‘ಯ’, ಅಲ್ಲಿಂದ ಯಲ್ಲಾಪುರ. ಯಲ್ಲಾಪುರಕ್ಕೆ ‘ಲ’, ಅಲ್ಲಿಂದ ಲೋಕಾಪುರ. ಲೋಕಾಪುರಕ್ಕೆ ‘ಕ’, ಅಲ್ಲಿಂದ ಕೆರೂರ. ಕೆರೂರಿಗೆ ‘ರ’, ಅಲ್ಲಿಂದ ರಬಕವಿ. ರಬಕವಿಗೆ ‘ವ’, ಮತ್ತೆ ವಿಜಯಪುರ! ಈ ಸುತ್ತು ಸಿಕ್ಕ ದಿನ ಮಕ್ಕಳಿಬ್ಬರೂ ಚಪ್ಪಾಳೆ ಹೊಡೆದರು. ‘ಳ’, ‘ಣ’ ಬಂದರೆ ‘ಲ’, ‘ನ’ ಮಾಡಿಕೊಳ್ಳಿ, ಅಂತ್ಯಾಕ್ಷರಿಗೂ ಇದೇ ನಿಯಮ.

ಒಗಟು ಕೇಳುವುದಕ್ಕಿಂತ ಮಕ್ಕಳ ಕೈಯಲ್ಲೇ ಕಟ್ಟಿಸಿ. ಇವತ್ತು ದಾರಿಯಲ್ಲಿ ಕಂಡದ್ದರ ಮೇಲೆಯೇ ಇರಬೇಕು. ಮಗಳು ಕಟ್ಟಿದ್ದು: "ಒಂದೇ ಕಾಲು, ತಲೆ ತುಂಬ ಮುತ್ತು." ಜೋಳದ ತೆನೆ. ಮಗ ಕಟ್ಟಿದ್ದು: "ಕೈ ಎತ್ತಿದ್ರ ಹೋಗು, ಕೈ ಇಳಿಸಿದ್ರ ನಿಲ್ಲು." ಟೋಲ್ ನಾಕಾ. ಸೋಲು ಗೆಲುವು ಬೇಡ. ಚಿಕ್ಕವರು ಯಾವಾಗಲೂ ಸೋಲುವ ಆಟ ಜಗಳದಲ್ಲೇ ಮುಗಿಯುತ್ತದೆ.

ಬಾಯಿ ದಣಿದ ಮೇಲೆ ಕೈಗೆ ಕೆಲಸ ಕೊಡಿ. ಸ್ಟೀಲ್ ತಾಟು, ಸ್ಲೇಟ್, ಉಲ್ಲನ್ ಜಡೆ. ಒಂದೊಂದೇ ಕೊಡಿ, ಒಂದು ವಾಪಸ್ ಬಂದ ಮೇಲೆ ಇನ್ನೊಂದು. ರಸ್ತೆ ತಿರುವುಮುರುವು ಆದ ಕೂಡಲೇ ಎಲ್ಲ ಚೀಲಕ್ಕೆ.

ಹಂತ 8: ಮೊಬೈಲ್, ಒಂದೇ ಸಲ

ಮೊಬೈಲ್ ಬೇಡವೇ ಬೇಡ ಅನ್ನುವವಳಲ್ಲ ನಾನು. ಐದು ತಾಸು ಕೂತ ಮಗುವಿಗೆ ಅರ್ಧ ತಾಸು ಕೊಟ್ಟರೆ ನಿಮಗೂ ಉಸಿರು ಸಿಗುತ್ತದೆ. ನಾವು ಹುಬ್ಬಳ್ಳಿಯಲ್ಲಿ ಇಳಿದು ಓಡಾಡಿ ಗಾಡಿ ಹತ್ತಿದ ಮೇಲೆ ಕೊಡುತ್ತೇವೆ, ಕಲಘಟಗಿಯಲ್ಲಿ ತೆಗೆದುಕೊಳ್ಳುತ್ತೇವೆ. ಬೆಂಗಳೂರಿಗೆ ಹೋಗುವವರು ದಾವಣಗೆರೆ ದಾಟಿದ ಮೇಲೆ ಕೊಟ್ಟು ಚಿತ್ರದುರ್ಗದಲ್ಲಿ ತೆಗೆದುಕೊಳ್ಳಬಹುದು.

ನಿಲ್ಲಿಸುವ ಹೊತ್ತನ್ನು ಗಡಿಯಾರಕ್ಕೆ ಬಿಡಬೇಡಿ, ಊರಿಗೆ ಬಿಡಿ. "ಐದು ನಿಮಿಷ ಆಯಿತು, ಕೊಡು" ಅಂದರೆ ಜಗಳ. "ಕಲಘಟಗಿ ಕ್ಲಿಪ್ಪು ಸರಿಸುವಾಗ ಮೊಬೈಲ್ ವಾಪಸ್" ಅಂತ ಹಿಂದಿನ ದಿನವೇ ಹೇಳಿಟ್ಟರೆ ಮಗುವೇ ಬೋರ್ಡ್ ಓದುತ್ತಾ ಕೂರುತ್ತದೆ.

ವಿಡಿಯೊ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಕಾಡಿನಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಮೊಬೈಲನ್ನು ಮಡಿಲಲ್ಲಿ ಇಟ್ಟು ಕೆಳಗೆ ನೋಡುವುದು ವಾಂತಿಗೆ ದಾರಿ. ಮುಂದಿನ ಸೀಟಿನ ಹಿಂದೆ ಕಣ್ಣಿನ ಎತ್ತರಕ್ಕೆ ಗಟ್ಟಿಯಾಗಿ ಸಿಕ್ಕಿಸಿ. ಇಬ್ಬರಿಗೂ ಸೇರಿ ಒಂದೇ ಮೊಬೈಲ್.

ಹಂತ 9: ಘಟ್ಟದಲ್ಲಿ ಕಣ್ಣು ದೂರಕ್ಕೆ, ಕಿವಿ ಕತೆಗೆ

ಯಲ್ಲಾಪುರದಲ್ಲಿ ಕಡ್ಡಾಯ ನಿಲ್ಲಿಸಿ. ಮುಂದೆ ಅರಬೈಲು ಘಟ್ಟ. ಇಲ್ಲಿ ಬರೆಯುವುದು, ಓದುವುದು, ಮೊಬೈಲ್, ತಿನ್ನುವುದು ಎಲ್ಲ ಬಂದ್. ಗಾಜು ಸ್ವಲ್ಪ ಇಳಿಸಿ, ನಿಧಾನ ಓಡಿಸಿ.

ಈ ಒಂದು ತಾಸಿಗೆ ನಾವು ಮಾಡಿಕೊಂಡ ಉಪಾಯ ಅಜ್ಜಿಯ ಕತೆ. ನಮ್ಮ ಅತ್ತೆಯವರು ಗಾಡಿಯಲ್ಲಿ ಇಷ್ಟು ದೂರ ಬರಲಾರರು. ಹೊರಡುವ ವಾರ ಮೊದಲೇ ಅವರ ಪಕ್ಕ ಮೊಬೈಲ್ ಇಟ್ಟು ಒಂದು ಉದ್ದ ಕತೆ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ನಡುವೆ ಅವರು ಅಡಿಕೆ ಕತ್ತರಿಸುವ ಸದ್ದು, "ಕೇಳಾಕತ್ತೀಯೇನೋ?" ಅಂತ ಮೊಮ್ಮಗನನ್ನು ಕೇಳುವುದು ಎಲ್ಲ ಬರುತ್ತದೆ. ಮಗ ಘಟ್ಟದಲ್ಲಿ ಕೂತು "ಹೂಂ" ಅನ್ನುತ್ತಾನೆ. ಕತೆಯ ಅರ್ಧ ಮಾತ್ರ ಹಾಕಿ. ಉಳಿದರ್ಧ ಮರಳುವಾಗ.

ವಾಂತಿ ಬರುವ ಲಕ್ಷಣ ಗೊತ್ತಿರಲಿ: ಮೇಲಿಂದ ಮೇಲೆ ಆಕಳಿಕೆ, ಬಾಯಲ್ಲಿ ನೀರು, ಹಣೆಯಲ್ಲಿ ತಣ್ಣನೆಯ ಬೆವರು, ಬಿಳಿಚಿದ ಮುಖ. ಎಲ್ಲಕ್ಕಿಂತ ಮೊದಲು ಬರುವುದು ಮೌನ. ಮೂರು ವರ್ಷದ ಹಿಂದೆ ಇದೇ ಘಟ್ಟದಲ್ಲಿ ಹಟ ಮಾಡುತ್ತಿದ್ದ ಮಗ ಇದ್ದಕ್ಕಿದ್ದಂತೆ ಸುಮ್ಮನಾದ. ಸದ್ಯ, ಮಲಗುತ್ತಾನೆ ಅಂದುಕೊಂಡೆ. ಐದು ನಿಮಿಷದಲ್ಲಿ ಅವನ ಬಟ್ಟೆ, ನನ್ನ ಸೀರೆ, ಸೀಟು ಎಲ್ಲ ಹಾಳಾಯಿತು. ಪಾಪ, ಹೇಳಲು ಬರುತ್ತಿರಲಿಲ್ಲ ಅವನಿಗೆ. ಈಗ ಸುಮ್ಮನಾದ ಕೂಡಲೇ ಅವನ ಹಣೆ ಮುಟ್ಟುತ್ತೇನೆ. ತಣ್ಣಗಿದ್ದರೆ ಗಾಳಿ ಬಿಡಿ, ದೂರದ ಮರ ತೋರಿಸಿ, ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ತಿರುವಿನಲ್ಲಿ ಮಾತ್ರ ನಿಲ್ಲಿಸಬೇಡಿ, ಅಲ್ಲಿ ಕವರ್ ಹಿಡಿಯಿರಿ. ದೊಡ್ಡ ಮಕ್ಕಳಿಗೆ ಕಡ್ಡಿ ತೆಗೆದ ಹುಣಸೆ ಚಿಗಳಿ ಚೂರು ಬಾಯಿಗೆ ಹಿತ. ವಾಂತಿ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ಕೊಡಿ, ದೊಡ್ಡವರ ಮಾತ್ರೆಯನ್ನು ಮುರಿದು ಅರ್ಧ ಕೊಡುವುದು ಸುತರಾಂ ಬೇಡ.

ವಾಂತಿ ನಿಲ್ಲದೆ ಮತ್ತೆ ಮತ್ತೆ ಆಗುತ್ತಿದ್ದರೆ, ಗಾಡಿ ನಿಂತ ಮೇಲೂ ಮಗು ಮಂಕಾಗಿದ್ದರೆ, ಆರು ತಾಸಾದರೂ ಮೂತ್ರ ಮಾಡದಿದ್ದರೆ, ಮೈ ಸುಡುತ್ತಿದ್ದರೆ ಅದು ಪ್ರಯಾಣದ ತೊಂದರೆ ಅಲ್ಲ. ಮುಂದಿನ ಊರಿನ ಆಸ್ಪತ್ರೆಗೆ ಹೋಗಿ.

ಜಗಳ ಶುರುವಾದರೆ

ಹಿಂದಿನ ಸೀಟಿನ ಜಗಳ ಹೆಚ್ಚಾಗಿ ಜಾಗಕ್ಕೆ. ಇಬ್ಬರ ನಡುವೆ ಒಂದು ದಿಂಬು ಇಡಿ, ಅದೇ ಗಡಿ. ಕಿಟಕಿಗೆ ಪಾಳಿ ಹಚ್ಚಿ, ನಿಲ್ಲಿಸಿದಾಗಲೆಲ್ಲ ಜಾಗ ಬದಲು. ಆದರೂ ಹೊಡೆದಾಟಕ್ಕೆ ಬಂದರೆ ಗಾಡಿಯನ್ನು ಸುರಕ್ಷಿತ ಜಾಗಕ್ಕೆ ಹಾಕಿ ಎಂಜಿನ್ ಬಂದ್ ಮಾಡಿ. ಬೈಯಬೇಡಿ, ಸುಮ್ನೆ ಕೂರಿ. ಎರಡು ನಿಮಿಷದ ಮೇಲೆ "ಹೋಗೋಣೇನು?" ಅಂತ ಕೇಳಿ. ಓಡುವ ಗಾಡಿಯಲ್ಲಿ ಹಿಂದೆ ತಿರುಗಿ ಬೈಯುವುದಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ.

ಹಂತ 10: ಮರಳಿ ಬರುವಾಗ

ಹೋಗುವಾಗಿನ ಹುರುಪು ಬರುವಾಗ ಇರುವುದಿಲ್ಲ. ಮಕ್ಕಳು ದಣಿದಿರುತ್ತಾರೆ. ಹೊಸದೇನಾದರೂ ಬೇಕು. ಅದಕ್ಕೇ ಕತೆಯ ಉಳಿದರ್ಧ ಇಟ್ಟುಕೊಂಡದ್ದು. ಕ್ಲಿಪ್ಪುಗಳನ್ನು ಬಲದಿಂದ ಎಡಕ್ಕೆ ಸರಿಸುತ್ತಾ ಬನ್ನಿ. ಮಧ್ಯಾಹ್ನದ ಮೇಲೆ ಹುಬ್ಬಳ್ಳಿ ಬಿಟ್ಟರೆ ಬಿಸಿಲು ಮತ್ತೆ ಎಡಗಡೆಯೇ ಬೀಳುತ್ತದೆ, ಈ ಸಲ ಪಡುವಣದ್ದು. ಚಿಕ್ಕವರು ಮತ್ತೆ ಬಲಕ್ಕೆ.

ಕೊಲ್ಹಾರದ ಸೇತುವೆ ದಾಟಿದ ಮೇಲೆ ಕೊನೆಯ ಆಟ. ಗೋಳಗುಮ್ಮಟ ಯಾರಿಗೆ ಮೊದಲು ಕಾಣುತ್ತದೆ? ನಿದ್ದೆಗಣ್ಣಿನವರೂ ಕತ್ತು ಉದ್ದ ಮಾಡುತ್ತಾರೆ. ಮೊದಲು ಕಂಡವರಿಗೆ ಮುಂದಿನ ರಜೆಯ ಮೊದಲ ಕಿಟಕಿ. ಮನೆ ಮುಟ್ಟಿದ ರಾತ್ರಿಯೇ ದಾರ, ಕ್ಲಿಪ್ಪು, ತಾಟು, ನಂಬರಿನ ಚೀಟಿ ಅದೇ ಚೀಲಕ್ಕೆ ಹಾಕಿ ಮಾಡದ ಮೇಲಿಡಿ. ಬಳಸಿ ಖರ್ಚಾದ ಕವರುಗಳ ಬದಲಿಗೆ ಮರುದಿನವೇ ಹೊಸವನ್ನು ಇಡಿ.